ಅರಗು ಬಳಿದ ಬೆಂಡು

ಪೆಟ್ರೋಲಿನ ವಾಸನೆ ದೋಣಿಯಿಂದ ಬರುತ್ತಿದೆಯೋ ತನ್ನ ಬೆರಳುಗಳಿಂದ ಬರುತ್ತಿದೆಯೋ ನೂರುಲ್ಲಾನಿಗೆ ಗೊತ್ತಾಗಲಿಲ್ಲ. ಬಲಗೈಯನ್ನು ಮೂಗಿನ ಹತ್ತಿರ ತಂದ. ಈ ಕೈ ಮೀಸೆ ಮೂಡುವ ಮೊದಲಿನಿಂದ ಹೀಗೇ ನಾರುತ್ತಿತ್ತು. ಮದುವೆಯಾದ ಹೊಸತರಲ್ಲಿ ನಸೀಮಾ ತಟ್ಟೆ ಇಟ್ಟು ಒಂದು ಮಾರು ದೂರ ಸರಿದು ಕೂರುತ್ತಿದ್ದಳು. ಆಮೇಲಾಮೇಲೆ ಅವಳ ದುಪ್ಪಟ್ಟಾಕ್ಕೂ ಮಕ್ಕಳ ದಿಂಬಿಗೂ ಅದೇ ವಾಸನೆ ಹತ್ತಿ, ಅದು ವಾಸನೆಯೆಂಬುದೇ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಹಾಗಾಗಿ ಕೈಯನ್ನು ನಂಬುವಂತಿರಲಿಲ್ಲ. ಎದ್ದು ಹೋಗಿ ದೋಣಿಯೊಳಗೆ ಬಗ್ಗಿ ಮೂಸಿದರೆ ತಿಳಿಯುತ್ತದೆ. ಅದಕ್ಕೇ ಅವನು ಏಳದೆ, ದೋಣಿ ಕಟ್ಟುವ ಅಟ್ಟಣೆಯ ಮೆಟ್ಟಿಲಿನ ಮೇಲೆ ಕೂತೇ ಇದ್ದ. ರಾಜಾನುಕುಂಟೆಯ ಆಚೆ ಹಳೆಯ ಕಲ್ಲುಗಣಿಯೊಂದರಲ್ಲಿ ನಿಂತ ನೀರಿನ ಸುತ್ತ ಹುಲ್ಲು ಬೆಳೆಸಿ ರೆಸಾರ್ಟ್ ಮಾಡಿದ್ದರು. ಆಚೆ ದಡದಲ್ಲಿ ವೇದಿಕೆ. ಸಂಜೆ ಬಿಲ್ಡರ್ ನರೇಂದ್ರನ ಮಗಳು ಐಶ್ವರ್ಯಳ ಆರತಕ್ಷತೆ; ಹುಡುಗ ಹುಡುಗಿ ಈ ದಡದಿಂದ ಆ ದಡಕ್ಕೆ ದೋಣಿಯಲ್ಲಿ ಬರಬೇಕು. ಅದಕ್ಕೆಂದೇ ನರೇಂದ್ರ ಕೊಚ್ಚಿಯ ಕಡೆಯಿಂದ ಯಾವುದೋ ದೊರೆಯ ಕಾಲದ ಮರದ ದೋಣಿಯನ್ನು, ಅದೇ ಕಾಲದ ಇಂಜಿನ್ ಸಮೇತ, ಲಾರಿಯಲ್ಲಿ ತರಿಸಿದ್ದ. ಹೊಸ ಮೋಟಾರು ಕೂರಿಸಿದರೆ ಸುಮ್ಮನೆ ಹೋಗುತ್ತಿತ್ತು. ಅವನಿಗೆ ಆ ಟುಕುಟುಕು ಸದ್ದೇ ಬೇಕಾಗಿತ್ತು. ಇಂಜಿನ್ ಹತ್ತುತ್ತಿತ್ತು, ಆದರೆ ವೇಗ ಕೊಟ್ಟ ಕೂಡಲೇ ಕೆಮ್ಮಿ, ಕಪ್ಪು ಹೊಗೆ ಕಾರಿ ನಿಂತುಬಿಡುತ್ತಿತ್ತು. ಬೆಂಗಳೂರಿನಲ್ಲಿ ಇನ್ನೂ ಕಾರ್ಬರೇಟರ್ ಬಿಚ್ಚುವವನು ಯಾರು ಎಂದು ಕೇಳಿಕೊಂಡು ಬಂದವರಿಗೆ ಯಾರೋ ಆರ್.ಟಿ. ನಗರದ ನೂರುಲ್ಲಾ ಎಂದಿದ್ದರು.

"ಏನ್ ಸಾಬ್ರೆ, ಕೈ ಮೂಸ್ಕೊಂಡ್ ಕುಂತ್ರಿ? ಬಿರಿಯಾನಿ ಕನಸಾ? ಸುಮ್ಕಿರಿ, ಇದು ಪನೀರ್ ಮದ್ವೆ." ಬೈರಣ್ಣ ಹುಟ್ಟುಗೋಲನ್ನು ಹೆಗಲಿಗೆ ಒರಗಿಸಿಕೊಂಡು ನಕ್ಕ. ರೆಸಾರ್ಟಿನ ಹರಿಗೋಲಿನಲ್ಲಿ ನೀರಿನ ಮೇಲಿನ ಕಸ ತೆಗೆಯುವುದು ಅವನ ಕೆಲಸ.

"ನೀರು ಎಷ್ಟು ಆಳ ಇದೆ ಇಲ್ಲಿ?" ಎಂದು ನೂರುಲ್ಲಾ ಕೇಳಿದ.

"ಯಾವನಿಗ್ ಗೊತ್ತು? ನಮ್ಮಪ್ಪ ಇಲ್ಲೇ ಕಲ್ಲು ಒಡೀತಿದ್ದ. ಕೊನೇಗೆ ಏಣಿ ಸಾಲ್ದೆ ಅಗ್ಗ ಕಟ್ಕೊಂಡ್ ಇಳೀತಿದ್ರು. ಈಗ್ ನೋಡಿ, ಅದ್ರ ಮ್ಯಾಲೆ ನಾನು ಊವಿನ್ ಎಸ್ಳು ಆಯ್ಕೊಂಡ್ ತಿರುಗ್ತೀನಿ. ಇಂಗೂ ಆಯ್ತದೆ." ನೀರಿಗೆ ಉಗಿಯಲು ಹೋಗಿ, ಕಂಬದ ಮೇಲಿನ ಕ್ಯಾಮೆರಾ ಕಂಡು ನುಂಗಿಕೊಂಡ. "ಓಡ್ತದಲ್ಲ ಇಂಜಿನ್ನು?"

"ಓಡುತ್ತೆ," ಎಂದ ನೂರುಲ್ಲಾ. ಆ ಮಾತು ತೀರ ಬೇಗ ಬಾಯಿಂದ ಬಂತು ಅನ್ನಿಸಿತು.

ಓಡಲೇಬೇಕಾಗಿತ್ತು. ಅಂಗಡಿಯ ಫಲಕದಿಂದ ಅವನ ಹೆಸರು ಹೋಗಿ ಆಗಲೇ ಕಾಲವಾಗಿತ್ತು. ಅದರ ಜಾಗದಲ್ಲಿ ಹಸಿರು ಮಿಂಚಿನ ಗುರುತು, ಎಲೆಕ್ಟ್ರಿಕ್ ಸ್ಕೂಟರ್ ಸರ್ವಿಸ್. ಮಗ ಅರ್ಮಾನ್ ನೆಲಕ್ಕೆ ಬಿಳಿ ಟೈಲ್ಸ್ ಹಾಕಿಸಿದ್ದ. ಅಂಗಡಿಯ ಹಿಂದಿನ ಮೂಲೆಯಲ್ಲಿ ಮಾತ್ರ ಟೈಲ್ಸ್ ನಿಂತು ಹಳೆಯ ಸಿಮೆಂಟು ಶುರುವಾಗುತ್ತಿತ್ತು, ಅಲ್ಲಿ ನೂರುಲ್ಲಾನ ಬೆಂಚು. ಎಣ್ಣೆ ಕುಡಿದು ಕಪ್ಪಾದ ಮರದ ಹಲಗೆ, ಅದಕ್ಕೆ ಬೋಲ್ಟು ಹಾಕಿದ ವೈಸು, ಹಿತ್ತಾಳೆಯ ಚೂರುಗಳು ತುಂಬಿದ ಹಾರ್ಲಿಕ್ಸ್ ಬಾಟಲಿಗಳು. ಬೆಳಿಗ್ಗೆ ಹೋಗಿ ಅಲ್ಲಿ ಕೂರುತ್ತಿದ್ದ. ಬಂದ ಹುಡುಗ ಹುಡುಗಿಯರು ಫೋನಿನಿಂದ ತಲೆಯೆತ್ತಿ ಅವನನ್ನು ನೋಡಿ, ಕಾವಲಿನವನಿರಬೇಕೆಂದು ಮತ್ತೆ ತಲೆ ತಗ್ಗಿಸುತ್ತಿದ್ದರು. ಅರ್ಮಾನ್ ಒಂದು ಸಲವೂ ದನಿ ಏರಿಸಿರಲಿಲ್ಲ. "ಅಬ್ಬಾ, ಬ್ಯಾಟರಿ ಇಡೋಕೆ ಜಾಗಾನೇ ಇಲ್ಲ. ಬೆಂಚು ಟೆರೇಸಿಗೆ ತಗೊಂಡ್ ಹೋಗೋಣ್ವಾ? ಶೀಟ್ ಹಾಕಿಸ್ತೀನಿ. ಗಾಳಿ ಚೆನ್ನಾಗಿರುತ್ತೆ ನಿಮಗೆ." ಆ ಗಾಳಿಯ ಮಾತು ನೂರುಲ್ಲಾನಿಗೆ ಚುಚ್ಚಿತ್ತು. ಟೆರೇಸಿನ ಮೇಲೆ ಮುರಿದ ಮಂಚವಿತ್ತು, ಹಳೆಯ ನೀರಿನ ಡ್ರಮ್ಮಿತ್ತು, ಸತ್ತುಹೋದ ಅತ್ತೆಯ ವಾಕರ್ ಇತ್ತು. ನರೇಂದ್ರನ ಕೆಲಸ ಬಂದ ದಿನ ಯಾರೂ ಕೇಳದೆಯೇ ಅವನು ಹೇಳಿಬಿಟ್ಟಿದ್ದ: "ಈ ಇಂಜಿನ್ ಓಡಿದ್ರೆ ಬೆಂಚು ಇಲ್ಲೇ ಇರುತ್ತೆ. ಓಡಲಿಲ್ಲ ಅಂದ್ರೆ ನಾನೇ ಎತ್ತಿಸ್ತೀನಿ, ನೀನು ಹೇಳೋದೇ ಬೇಡ." ಅರ್ಮಾನ್ ನಕ್ಕಿದ್ದ. "ಪಂದ್ಯ ಕೈಕು ಅಬ್ಬಾ, ಯಾಕೆ ಬೇಕು?" ಎಂದಿದ್ದ. ಆಮೇಲೆ, ಹಠ ಹಿಡಿದ ಮಗುವಿಗೆ ಹ್ಞೂಂ ಅನ್ನುವ ಹಾಗೆ, "ಹೌ, ಆಯ್ತು" ಎಂದಿದ್ದ. ಇದೇ ಅರ್ಮಾನ್ ಹತ್ತನೇ ತರಗತಿ ಮುಗಿಸಿ ಅಂಗಡಿಗೆ ಬಂದ ವರ್ಷ ಕಾರ್ಬರೇಟರಿನಲ್ಲಿ ಪೆಟ್ರೋಲು ಹಾಯುವ ಒಂದು ಜೆಟ್ಟನ್ನು ಬಿಗಿ ಮಾಡಲು ಹೋಗಿ ಅದರ ತಿರುಪಿನ ಸುತ್ತು ಕೆಡಿಸಿದ್ದ; ಅದನ್ನು ಗಿರಾಕಿಗಳೆದುರು ಎತ್ತಿ ಹಿಡಿದು ನೂರುಲ್ಲಾ, "ಇವನ ಕೈಯಲ್ಲಿ ಜೀವ ಇಲ್ಲ, ಇವನು ಬೇಕಾದ್ರೆ ಗುಮಾಸ್ತ ಆಗ್ಲಿ" ಅಂದಿದ್ದ. ಎಲ್ಲರೂ ನಕ್ಕಿದ್ದರು. ಹುಡುಗನೂ ನಕ್ಕಿದ್ದ. ಆ ನಗು ಈಗ ನೆನಪಾದರೆ, ಗಿರಾಕಿಗಳ ಮುಖಗಳೆಲ್ಲ ಅಳಿಸಿಹೋಗಿ ಅದೊಂದೇ ಉಳಿದಿತ್ತು.

ಹೂವಿನವರು ಇಂಜಿನ್ನಿನ ಮುಂದೆ ಸೇವಂತಿಗೆಯ ಒಂದು ಪರದೆ ಕಟ್ಟಿದರು. ಕಿವಿಗೆ ಮೈಕು ಸಿಕ್ಕಿಸಿಕೊಂಡ ಈವೆಂಟಿನ ಹುಡುಗಿ ಬಂದು ದೋಣಿಯನ್ನೂ ಅವನನ್ನೂ ಒಟ್ಟಿಗೆ ಅಳೆದಳು. "ಅಂಕಲ್, ನೀವೇನಾ ಓಡಿಸೋದು? ಪರದೆ ಹಿಂದೆ ಸ್ವಲ್ಪ ಬಗ್ಗಿ ಕೂತ್ಕೋತೀರಾ? ಮೇಲೆ ಡ್ರೋನ್ ಇರುತ್ತೆ, ಫ್ರೇಮಲ್ಲಿ ಬಂದ್ಬಿಡ್ತೀರ."

"ಕೂತ್ಕೋತೀನಮ್ಮಾ."

"ಟೋಪಿ ಕೂಡ... ಇಲ್ಲ, ಪರವಾಗಿಲ್ಲ ಬಿಡಿ. ಬಗ್ಗಿದ್ರೆ ಕಾಣಲ್ಲ."

ಅವನು ತಲೆಯಾಡಿಸಿದ. ಬಗ್ಗುವುದು ಅವನಿಗೆ ಹೊಸದಲ್ಲ. ಯಶವಂತಪುರದ ಅಜ್ಜು ಉಸ್ತಾದನ ಗ್ಯಾರೇಜಿನಲ್ಲಿ ಬಗ್ಗಿ ಬಗ್ಗಿಯೇ ಅವನ ಬೆನ್ನು ಈ ಆಕಾರಕ್ಕೆ ಬಂದದ್ದು. ಅಲ್ಲಿ ಬಗ್ಗಿದರೆ ಎದುರಿಗೆ ಒಂದು ಕಾರ್ಬರೇಟರ್ ಇರುತ್ತಿತ್ತು, ಇಡೀ ಇಂಜಿನ್ನಿನ ಉಸಿರು ಆ ಒಂದು ಹಿಡಿ ಹಿತ್ತಾಳೆಯೊಳಗೆ ಅನ್ನುತ್ತಿದ್ದ ಉಸ್ತಾದ. ನರೇಂದ್ರನ ದೋಣಿಯದನ್ನು ಬೆಂಚಿನ ಮೇಲೆ ಬಿಚ್ಚಿ ಹರವಿದ ದಿನ ನೂರುಲ್ಲಾನಿಗೆ ಬಹಳ ಕಾಲದ ಮೇಲೆ ಹಸಿವಾಗಿತ್ತು. ನಸೀಮಾಳ ಹತ್ತಿರ ಇನ್ನೊಂದು ರೊಟ್ಟಿ ಕೇಳಿದ್ದ. ಯಾರೋ ಅವಸರದವನು ಜೆಟ್ಟಿನ ತೂತಿಗೆ ತಂತಿ ತೂರಿಸಿ ಅದನ್ನು ದೊಡ್ಡದು ಮಾಡಿಬಿಟ್ಟಿದ್ದ, ಕಪ್ಪು ಹೊಗೆಗೆ ಅದೇ ಕಾರಣ. ಅದನ್ನು ಬೆಸುಗೆಯಿಂದ ಮುಚ್ಚಿ, ಕೂದಲೆಳೆಯಂಥ ಬೈರಿಗೆಯಿಂದ ಮತ್ತೆ ಕೊರೆದ. ಗಾಳಿಯ ಬಾಗಿಲಿನ ಕಂಬಿ ಸವೆದು ಅಲ್ಲಾಡುತ್ತಿತ್ತು, ಅದಕ್ಕೆ ಹಿತ್ತಾಳೆಯ ಬಳೆ ಮಾಡಿ ಕೂರಿಸಿದ. ಕೊನೆಗೆ ಉಳಿದದ್ದು ಬೆಂಡು. ಕಾರ್ಬರೇಟರಿನ ಬಟ್ಟಲಿನಲ್ಲಿ ಪೆಟ್ರೋಲಿನ ಮೇಲೆ ತೇಲುವ ಬೆಂಡಿನ ಬಿಲ್ಲೆ. ಅದು ತೇಲಿದರೆ ಸೂಜಿ ಮೇಲೇರಿ ಪೆಟ್ರೋಲು ಬರುವ ದಾರಿ ಮುಚ್ಚುತ್ತದೆ, ಅದು ಮುಳುಗಿದರೆ ದಾರಿ ತೆರೆದೇ ಇದ್ದು ಬಟ್ಟಲು ಉಕ್ಕುತ್ತದೆ. ಹಳೆಯದು ಪುಡಿಯಾಗಿತ್ತು. ಹೊಸ ಬೆಂಡು ಕೆತ್ತಿ, ಅದು ಪೆಟ್ರೋಲು ಹೀರದ ಹಾಗೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿದು ಟೆರೇಸಿನ ಬಿಸಿಲಿಗಿಟ್ಟ, ಒಣಗಿದ ಮೇಲೆ ಮತ್ತೆ ಬಳಿದ. ಉಸ್ತಾದ ಕಲಿಸಿದ್ದು ಹಾಗೆ, ಉಸ್ತಾದನಿಗೆ ಅವನ ಉಸ್ತಾದ ಕಲಿಸಿದ್ದೂ ಹಾಗೆ. ಬೆಂಡು ಮಿಠಾಯಿಯ ಹಾಗೆ ಹೊಳೆಯಿತು.

ಅರ್ಮಾನ್ ಟೆರೇಸಿಗೆ ಬಟ್ಟೆ ಒಣಹಾಕಲು ಬಂದವನು ಅದನ್ನು ನೋಡಿ ನಿಂತಿದ್ದ. "ಅರಗು ಯಾವುದ್ರಲ್ಲಿ ಕರಗಿಸಿದ್ರಿ ಅಬ್ಬಾ?"

"ಸ್ಪಿರಿಟ್ಟಲ್ಲಿ. ಇನ್ಯಾವುದ್ರಲ್ಲಿ ಕರಗುತ್ತೆ ಅದು?"

"ಈಗ ಬಂಕಲ್ಲಿ ಹಾಕೋ ಪೆಟ್ರೋಲಲ್ಲೂ ಸ್ಪಿರಿಟ್ ಬೆರೆಸ್ತಾರಲ್ಲ. ಐದಕ್ಕೆ ಒಂದು ಪಾಲು ಅದೇ." ಅರ್ಮಾನ್ ಬಟ್ಟೆ ಹಿಂಡುತ್ತಲೇ, ಅವನ ಮುಖ ನೋಡದೆ ಹೇಳಿದ. "ಪ್ಲಾಸ್ಟಿಕ್ಕಿಂದು ಸಿಗುತ್ತೆ ಆನ್‌ಲೈನಲ್ಲಿ. ಅಳತೆ ಕೊಟ್ರೆ ನಾಳಿದ್ದು ಬರುತ್ತೆ. ತರಿಸ್ಲಾ?"

"ನಕ್ಕೋ, ಬೇಡ. ನಿನ್ನ ಫೋನಿಗಿಂತ ಮುಂಚೆ ಇಂಜಿನ್ ಇತ್ತು. ಒಂದೇ ಒಂದು ಬೆಂಡು ಮುಳುಗಿಲ್ಲ ನನ್ನ ಕೈಯಲ್ಲಿ."

ಮಗ ಬಟ್ಟೆಗಳನ್ನು ತಂತಿಗೆ ಹಾಕಿ ಮುಗಿಸಿದ. ಅವನು ಕೆಳಗಿಳಿದು ಹೋದ ಮೇಲೆ ನೂರುಲ್ಲಾ ಬೆಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದ. ಮಗ ಹೇಳಿದ್ದು ಅವನಿಗೆ ಅರ್ಥವಾಗಿರಲಿಲ್ಲವೆಂದಲ್ಲ. ಅರ್ಥವಾದದ್ದರಿಂದಲೇ ಸಿಟ್ಟು ಬಂದಿತ್ತು. ಸ್ಪಿರಿಟ್ಟಿನಲ್ಲಿ ಕರಗಿದ್ದು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಇದು ಬಾಗಿಲಿಗೆ ಪಾಲಿಶ್ ಹೊಡೆಯುವವನಿಗೂ ಗೊತ್ತಿರುವ ವಿಷಯ. ಆದರೆ ಪ್ಲಾಸ್ಟಿಕ್ಕಿನ ಬೆಂಡು ಹಾಕಿ ಓಡಿದ ಇಂಜಿನ್ ಯಾರು ಓಡಿಸಿದ ಹಾಗಾಯಿತು? ಪಂದ್ಯ ಯಾರು ಗೆದ್ದ ಹಾಗಾಯಿತು? ಇನ್ನೊಂದು ಸಲ ಬಳಿದರೆ ತಡೆಯುತ್ತದೆ ಎಂದುಕೊಂಡು ಇನ್ನೊಂದು ಸಲ ಬಳಿದ. ಮೊನ್ನೆ ಅಂಗಡಿಯ ಮುಂದೆ ಇಂಜಿನ್ನನ್ನು ಕಟ್ಟಿಗೆಯ ಚೌಕಟ್ಟಿಗೆ ಕೂರಿಸಿ, ತಣ್ಣಗಾಗಲು ಡ್ರಮ್ಮಿನಿಂದ ನೀರು ಕೊಟ್ಟು, ಚಾಲೂ ಮಾಡಿದಾಗ ಅದು ಕೆಮ್ಮದೆ, ಹೊಗೆ ಕಾರದೆ, ವೇಗ ಕೊಟ್ಟಷ್ಟೂ ಏರಿತ್ತು. ಪಕ್ಕದ ಬೇಕರಿಯವರು ಹೊರಗೆ ಬಂದು ನೋಡಿದ್ದರು. ನಸೀಮಾ ಮೇಲಿನ ಬಾಲ್ಕನಿಯಿಂದ ಬಗ್ಗಿ, "ಏನ್ ಜೀ, ಬೀದೀಲಿ ಜಹಾಜು ಬಿಟ್ಟಿದೀರ?" ಎಂದು ಕೂಗಿದ್ದಳು. ಅರ್ಮಾನ್ ನಿಜಕ್ಕೂ ಚಪ್ಪಾಳೆ ತಟ್ಟಿದ್ದ. ಆದರೆ ಆಗ ಬೆಂಡು ಪೆಟ್ರೋಲಿಗೆ ಬಿದ್ದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಆಮೇಲೆ ಇಂಜಿನ್ನು ದೋಣಿಗೆ ಬಂತು. ಬಟ್ಟಲಿನ ತುಂಬ ಪೆಟ್ರೋಲು, ಅದರಲ್ಲಿ ಬೆಂಡು, ನಿನ್ನೆಯೆಲ್ಲ, ರಾತ್ರಿಯೆಲ್ಲ, ಇವತ್ತೂ.

"ಭಾಯ್, ರೆಡೀನಾ? ಹುಡುಗಿ ಬರ್ತಿದಾಳೆ." ನರೇಂದ್ರ ರೇಷ್ಮೆ ಪಂಚೆ ಎತ್ತಿ ಹಿಡಿದು ಹುಲ್ಲಿನ ಮೇಲಿಂದ ಕೂಗಿದ. ಅವನ ಹಿಂದೆ ಅರ್ಮಾನ್ ಇದ್ದ. ಇಂಜಿನ್ ತಂದ ಗೂಡ್ಸ್ ಆಟೋದಲ್ಲಿ ಅಪ್ಪನನ್ನು ಕರೆದೊಯ್ಯಲು ಅಂಗಡಿ ಬೇಗ ಮುಚ್ಚಿ ಬಂದಿದ್ದ. ನೂರುಲ್ಲಾ ದೋಣಿಗಿಳಿದ. ಬಗ್ಗಿದ. ಈಗ ವಾಸನೆ ಬೆರಳಿನದಲ್ಲವೆಂದು ಅನುಮಾನವಿಲ್ಲದೆ ತಿಳಿಯಿತು. ಬಟ್ಟಲಿನ ಅಂಚು ಒದ್ದೆಯಾಗಿತ್ತು. ಇಂಜಿನ್ನಿನ ಕೆಳಗೆ, ದೋಣಿಯ ತಳದ ನೀರಿನ ಮೇಲೆ, ಬಣ್ಣಬಣ್ಣದ ತೆಳ್ಳನೆಯ ಪದರ. ಅವನು ಬನಿಯನ್ನಿನ ಬಟ್ಟೆಯಿಂದ ಅಂಚನ್ನು ಒರೆಸಿದ. ಹಿಡಿ ತಿರುಗಿಸಿದ, ಇಂಜಿನ್ ಹತ್ತಿತು. ದಡದಲ್ಲಿ ಯಾರೋ ಶಿಳ್ಳೆ ಹಾಕಿದರು. ಅವನೊಬ್ಬನಿಗೆ ಮಾತ್ರ ಆ ಸದ್ದಿನಲ್ಲಿ ಒಂದು ಭಾರ ಕೇಳಿಸಿತು, ಊಟ ಹೆಚ್ಚಾದವನು ಮೆಟ್ಟಿಲು ಹತ್ತುವಂಥ ಭಾರ.

"ಸಾಬ್ರೆ," ಬೈರಣ್ಣ ಹಗ್ಗ ಬಿಚ್ಚಲು ಬಗ್ಗಿದವನು ತಗ್ಗಿದ ದನಿಯಲ್ಲಿ ಹೇಳಿದ, "ಪೆಟ್ರೋಲ್ ಗಬ್ ಅಂತೈತಲ್ಲ?"

"ಹಳೇ ಇಂಜಿನ್ ಅಲ್ವಾ, ಹಂಗೇನೇ."

ಹಾಗೆ ಹೇಳಿದ ಮೇಲೂ ಇನ್ನೂ ಸಮಯವಿತ್ತು. ಐಶ್ವರ್ಯ ಲೆಹೆಂಗಾ ಎತ್ತಿಕೊಂಡು, ಗಂಡನ ಕೈ ಹಿಡಿದು, "ಅಯ್ಯೋ ಅಲ್ಲಾಡುತ್ತೆ, ಅಯ್ಯೋ" ಎಂದು ನಗುತ್ತ ಹತ್ತುವಾಗಲೂ ಇತ್ತು. ಅವಳು ಪರದೆಯ ಸಂದಿನಲ್ಲಿ ಅವನನ್ನು ಕಂಡು, "ಥ್ಯಾಂಕ್ಯೂ ಅಂಕಲ್" ಎಂದಳು. ಇಳಿಯಮ್ಮಾ ಅನ್ನಬೇಕಾಗಿತ್ತು. ಒಂದು ಮಾತು. ಆದರೆ ಆ ಒಂದು ಮಾತಿನ ಹಿಂದೆಯೇ ಬೆಂಚು ಮೆಟ್ಟಿಲು ಹತ್ತಿ ಮುರಿದ ಮಂಚದ ಪಕ್ಕ ಹೋಗಿ ಕೂರುವುದು ಅವನಿಗೆ ಕಂಡಿತು. ಹೂವಿನ ಪರದೆಯ ಹಿಂದೆ ಗಲ್ಲ ಮೊಣಕಾಲಿಗೆ ತಾಗುವಷ್ಟು ಬಗ್ಗಿ, ಅವನು ದೋಣಿಯನ್ನು ನೀರಿಗೆ ಬಿಟ್ಟ.

ನರೇಂದ್ರ ಕೊಳ ಸುತ್ತಿ ವೇದಿಕೆಯತ್ತ ಹೊರಟ, ಅರ್ಮಾನ್ ಅವನ ಹಿಂದೆ. ನೀರು ಹಸಿರುಗಪ್ಪಗೆ, ಸುಕ್ಕಿಲ್ಲದೆ ಇತ್ತು. ಮೇಲೆ ಡ್ರೋನು ನೊಣದ ಹಾಗೆ ಗುಂಯ್‌ಗುಡುತ್ತಿತ್ತು. ಅವನಿಗೆ ಕಾಣುತ್ತಿದ್ದದ್ದು ಸೇವಂತಿಗೆಯ ಬೆನ್ನು, ಅದರ ಸಂದಿನಲ್ಲಿ ಹುಡುಗಿಯ ಲೆಹೆಂಗಾದ ಅಂಚು, ಮತ್ತು ದೂರದ ವೇದಿಕೆಯ ಎರಡೂ ಬದಿಗೆ ಇಟ್ಟಿದ್ದ ಕಪ್ಪು ಪೆಟ್ಟಿಗೆಗಳ ಸಾಲು. ಅವು ಏನೆಂದು ಅವನಿಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು: ಅಕ್ಕನ ಮೊಮ್ಮಗಳ ಮದುವೆಯಲ್ಲೂ ಇಟ್ಟಿದ್ದರು, ಸ್ವಿಚ್ಚು ಒತ್ತಿದರೆ ಆಳೆತ್ತರಕ್ಕೆ ಬೆಳ್ಳಿ ಕಿಡಿ ಚಿಮ್ಮುತ್ತದೆ. ದೋಣಿ ದಡ ಮುಟ್ಟುವುದು ಆ ಕಿಡಿಗಳ ನಡುವೆ. ಲೆಹೆಂಗಾದ ಅಂಚು ದೋಣಿಯ ತಳಕ್ಕೆ ಜಾರಿ ಒದ್ದೆಯಾಗುತ್ತಿತ್ತು, ಅದು ಬರೀ ನೀರಲ್ಲ. ಯಾ ಅಲ್ಲಾ ಎಂದುಕೊಂಡ. ನಿಂತುಹೋಗಲಿ, ಇಲ್ಲೇ ನಿಂತುಹೋಗಲಿ. ಮರುಕ್ಷಣ, ಇಲ್ಲ, ದಡ ಮುಟ್ಟಲಿ ಎಂದೂ ಬೇಡಿಕೊಂಡ. ಎರಡನ್ನೂ ಒಂದೇ ಉಸಿರಿನಲ್ಲಿ ಬೇಡಿದವನಿಗೆ ಏನು ಸಿಗಬೇಕು? ಕೈ ಚಾಚಿ ಇಂಜಿನ್ ಆರಿಸಿದರೆ ಮುಗಿಯುತ್ತಿತ್ತು. ಕೈ ಹಿಡಿಯ ಮೇಲೇ ಇತ್ತು. ಅದು ಆರಿಸಲಿಲ್ಲ.

ಇಂಜಿನ್ ತಾನಾಗಿಯೇ ಕೆಮ್ಮಿತು. ಕಪ್ಪು ಹೊಗೆಯ ಒಂದು ಉಂಡೆ ಹೂವಿನ ಪರದೆಯನ್ನು ದಾಟಿ ಮದುಮಕ್ಕಳ ಮೇಲೆ ಹೋಯಿತು. ಇನ್ನೊಂದು ಸಲ ಕೆಮ್ಮಿ, ಬಾಯಿ ತುಂಬ ಪೆಟ್ರೋಲು ತುಂಬಿಕೊಂಡು, ನಿಂತಿತು. ಕೊಳದ ನಡುವೆ ಮೌನ. ಆಚೆ ದಡದಲ್ಲಿ ಮಾತ್ರ ಡೋಲು ಇನ್ನೂ ಬಾರಿಸುತ್ತಿದ್ದರು, ಆಮೇಲೆ ಅದೂ ಒಬ್ಬೊಬ್ಬರದಾಗಿ ನಿಂತಿತು. "ಏನಾಯ್ತು ಅಂಕಲ್?" ಎಂದು ಹುಡುಗ ಕೇಳಿದ. ದಡದ ಮೇಲಿನ ಫೋನುಗಳೆಲ್ಲ ಇತ್ತಲೇ ಮುಖ ಮಾಡಿದ್ದವು. "ಇಳಿದು ತಳ್ಳು ಮಗಾ!" ಎಂದು ಹುಡುಗನ ಗೆಳೆಯನೊಬ್ಬ ಕೂಗಿದ, ಜನ ಘೊಳ್ಳೆಂದಿತು. ಐಶ್ವರ್ಯಳೂ ನಕ್ಕಳು, ಕೆಮ್ಮುತ್ತ, ಕಣ್ಣಿನ ಕಾಡಿಗೆಯನ್ನು ಬೆರಳಿನಿಂದ ಒತ್ತಿಕೊಳ್ಳುತ್ತ. ಬೈರಣ್ಣ ಹರಿಗೋಲಿನಲ್ಲಿ ಸುತ್ತಿ ಸುತ್ತಿ ಬಂದು, ದೋಣಿಯ ಮೂತಿಗೆ ಹಗ್ಗ ಕಟ್ಟಿ, ನೂರುಲ್ಲಾನ ಕಡೆ ನೋಡದೆ ಎಳೆಯತೊಡಗಿದ. "ಪರವಾಗಿಲ್ಲ, ಬರ್ಲಿ, ಬರ್ಲಿ! ಮ್ಯೂಸಿಕ್! ಸ್ಪಾರ್ಕ್ ರೆಡಿ ಮಾಡಿ!" ಎಂದು ಈವೆಂಟಿನ ಹುಡುಗಿ ಮೈಕಿನಲ್ಲಿ ಕೂಗಿದ್ದು ನೀರಿನ ಮೇಲೆ ಸ್ಪಷ್ಟವಾಗಿ ಕೇಳಿಸಿತು.

ಬೇಡ ಎಂದು ಕೂಗಬೇಕು. ನೂರುಲ್ಲಾ ಬಾಯಿ ತೆರೆದ. ಬೇಡ ಎಂದರೆ ಯಾಕೆ ಅನ್ನುತ್ತಾರೆ, ಯಾಕೆ ಅಂದರೆ ಯಾವಾಗಿನಿಂದ ಗೊತ್ತಿತ್ತು ಅನ್ನುತ್ತಾರೆ. ತೆರೆದ ಬಾಯನ್ನು ಮುಚ್ಚಿಕೊಂಡು ಪರದೆಯ ಹಿಂದೆ ಇನ್ನೂ ಬಗ್ಗಿದ. ದಡ ಹತ್ತಿರವಾಗುತ್ತಿತ್ತು. ಆಗ ವೇದಿಕೆಯ ಪಕ್ಕದಲ್ಲಿ ಯಾರೋ ಓಡಿದರು, ಕುರ್ಚಿಯೊಂದು ಬಿತ್ತು, ಒಬ್ಬ ಮನುಷ್ಯ ಪೆಟ್ಟಿಗೆಗಳ ಹಿಂದೆ ಮಂಡಿಯೂರಿ ಎರಡೂ ಕೈಯಿಂದ ವೈರುಗಳನ್ನು ಕಿತ್ತುಹಾಕಿದ. ವೇದಿಕೆಯ ದೀಪವೂ ಹೋಯಿತು, ಹಾಡೂ ಹೋಯಿತು. ಅದು ಅರ್ಮಾನ್. ದೋಣಿ ಎಳೆದು ತಂದಷ್ಟು ದೂರವೂ ಸಣ್ಣ ಗಾಳಿ ಪೆಟ್ರೋಲಿನ ವಾಸನೆಯನ್ನು ಅತ್ತ ಕಡೆಗೇ ಒಯ್ಯುತ್ತಿತ್ತು.

"ಏಯ್! ಯಾವನೋ ನೀನು? ತಲೆ ಕೆಟ್ಟಿದ್ಯಾ?" ನರೇಂದ್ರನ ಮುಖ ಬೆವರಿತ್ತು. ಹುಡುಗ ಹುಡುಗಿಯನ್ನು ಕತ್ತಲ ವೇದಿಕೆಯ ಮೇಲೆ ಇಳಿಸಿಕೊಂಡು ಹೆಂಗಸರು ಒಳಗೆ ಕರೆದೊಯ್ದಿದ್ದರು. ನೂರುಲ್ಲಾ ದೋಣಿಯಲ್ಲೇ, ಪರದೆಯ ಹಿಂದೆ, ಬಗ್ಗಿದ ಹಾಗೇ ಇದ್ದ.

"ಸಾರಿ ಸಾರ್. ದೋಣೀಲಿ ಪೆಟ್ರೋಲ್ ಚೆಲ್ಲಿದೆ. ಕಿಡಿ ಬಿದ್ದಿದ್ರೆ..." ಅರ್ಮಾನ್ ಏದುಸಿರು ಬಿಡುತ್ತಿದ್ದ. "ನನ್ನ ತಪ್ಪು ಸಾರ್. ಮಧ್ಯಾಹ್ನ ಪೆಟ್ರೋಲ್ ತುಂಬಿದ್ದು ನಾನು. ಜಾಸ್ತಿ ಹಾಕ್ಬಿಟ್ಟೆ, ಕ್ಯಾನು ಬೇರೆ ಹಳೇದು, ನೀರು ಸೇರಿತ್ತು ಅನ್ಸುತ್ತೆ. ಅಬ್ಬಾ ಮಾಡಿರೋ ಕೆಲ್ಸ ಸರಿಯಾಗೇ ಇತ್ತು."

ಮಧ್ಯಾಹ್ನ ಅರ್ಮಾನ್ ಅಂಗಡಿಯಲ್ಲಿದ್ದ. ತುಂಬಿದ್ದು ನೂರುಲ್ಲಾ.

"ನಿಮ್ಮಪ್ಪನ್ನ ನಂಬಿ ಕೊಟ್ರೆ ನೀನು ಬಂದು ಹಾಳ್ ಮಾಡ್ತೀಯಾ? ಸ್ಕೂಟರ್ ರಿಪೇರಿ ಮಾಡೋನಿಗೆ ಇದೆಲ್ಲ ಯಾಕೋ ಬೇಕಿತ್ತು? ನನ್ನ ಮಗಳ ಫಂಕ್ಷನ್ ಕಣೋ ಇದು! ಮುಟ್ಟಕ್ಕೆ ಯೋಗ್ಯತೆ ಬೇಕು ಇಂಥದ್ನ." ನರೇಂದ್ರ ಬೈಯುತ್ತಲೇ ಹೋದ. ಅರ್ಮಾನ್ ಕೈ ಕಟ್ಟಿ ನಿಂತು ಪ್ರತಿ ಮಾತಿಗೂ "ಹೌದು ಸಾರ್" ಎನ್ನುತ್ತಿದ್ದ. ಅವನ ಮುಖದ ಮೇಲೆ ಒಂದು ಸಣ್ಣ ನಗುವಿತ್ತು, ಬೈಸಿಕೊಳ್ಳುವಾಗ ಕೆಲವರ ಮುಖಕ್ಕೆ ತಾನಾಗಿ ಬರುವಂಥದು. ಬೈರಣ್ಣ ಹಗ್ಗ ಸುತ್ತುತ್ತ ಒಮ್ಮೆ ನೂರುಲ್ಲಾನನ್ನು ನೋಡಿದ. ಈಗ ಹೇಳುತ್ತಾನೆ ಎಂದು ನೂರುಲ್ಲಾ ಕಾದ. ಬೈರಣ್ಣ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ನರೇಂದ್ರನೇ ಕೊನೆಗೆ ದೋಣಿಯತ್ತ ಬಗ್ಗಿ, ದನಿ ಇಳಿಸಿ, "ನೀವೇನು ಮಾಡ್ತೀರ ಬಿಡಿ ಭಾಯ್, ವಯಸ್ಸಾದೋರು," ಎಂದ. ನೂರುಲ್ಲಾ ತಲೆಯಾಡಿಸಿದ. ತಲೆಯಾಡಿಸಿದ್ದು ಅವನಿಗೇ ಕಂಡಿತು, ಬೇರೆ ಯಾರದೋ ತಲೆ ಆಡಿದ ಹಾಗೆ.

ಗೂಡ್ಸ್ ಆಟೋ ಯಲಹಂಕ ದಾಟಿತು. ಮಗನ ಗಾಡಿ ಸದ್ದಿಲ್ಲದ್ದು, ಬ್ಯಾಟರಿಯದು. ಒಳಗೆ ಏನೂ ಉರಿಯದೆ, ಏನೂ ಉಸಿರಾಡದೆ ಓಡುವಂಥದು. ಒಬ್ಬನೇ ಕೂರುವ ಸೀಟಿನಲ್ಲಿ ಇಬ್ಬರೂ ಒತ್ತಿಕೊಂಡು ಕೂತಿದ್ದರು. ಕೊಡಿಗೇಹಳ್ಳಿಯ ಹತ್ತಿರ ಅರ್ಮಾನ್, "ಚಾ ಕುಡಿಯೋಣ್ವಾ?" ಎಂದ, ಅಪ್ಪ ಹೊರಗೆ ನೋಡುತ್ತಲೇ ಇದ್ದುದರಿಂದ ನಿಲ್ಲಿಸಲಿಲ್ಲ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ತೆವಳುತ್ತಿದ್ದವು, ಕೆಳಗೆ ಕೆರೆ ಬೂದಿಬಣ್ಣಕ್ಕೆ ತಿರುಗಿತ್ತು. ಬೈಯಬೇಕಾಗಿತ್ತು ಇವನು. ಹೇಳಿರಲಿಲ್ಲವಾ ಅಬ್ಬಾ, ಸ್ಪಿರಿಟ್ಟು ಅಂತ ಹೇಳಿರಲಿಲ್ಲವಾ ಎಂದು ಒಂದು ಸಲ ಕೂಗಿದ್ದರೆ ನೂರುಲ್ಲಾ ತಿರುಗಿ ಕೂಗುತ್ತಿದ್ದ, ಆ ಕೂಗಾಟದಲ್ಲಿ ಎಲ್ಲೋ ನಿಜ ಬಾಯಿಗೆ ಬರುತ್ತಿತ್ತು. ಅರ್ಮಾನ್ ಕನ್ನಡಿ ಸರಿಮಾಡಿಕೊಂಡ. ಅವನ ಬೆರಳುಗಳ ಗೆಣ್ಣು ವೈರು ಕೀಳುವಾಗ ತರಚಿ ರಕ್ತ ಒಣಗಿತ್ತು. ಜೀವ ಇಲ್ಲದ ಕೈ ಎಂದು ತಾನು ಹತ್ತು ಜನರೆದುರು ಅಂದಿದ್ದ ಕೈ.

ಗಂಗಾನಗರದ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಅರ್ಮಾನ್ ಎದುರಿನ ಬಸ್ಸಿನ ಬೆನ್ನನ್ನು ನೋಡುತ್ತ, "ಬೆಂಚು ಅಲ್ಲೇ ಇರ್ಲಿ ಅಬ್ಬಾ," ಎಂದ. "ಬ್ಯಾಟರಿಗೆ ಗೋಡೆ ಮೇಲೆ ರ‍್ಯಾಕ್ ಹೊಡೆಸ್ತೀನಿ. ಅಷ್ಟು ಜಾಗ ಏನ್ ದೊಡ್ಡದಲ್ಲ."

ನೂರುಲ್ಲಾ ಅವನತ್ತ ತಿರುಗಿದ. ನಾನು ಸೋತೆ, ಎತ್ತಿಸು ಅದನ್ನ ಎನ್ನಬೇಕು. ನನಗೆ ಮೊದಲೇ ವಾಸನೆ ಬಂದಿತ್ತು, ಹುಡುಗಿ ಹತ್ತುವ ಮೊದಲೇ ಗೊತ್ತಿತ್ತು ಎನ್ನಬೇಕು. ಮಾತು ಈ ಸಲ ನಾಲಿಗೆಯ ಮೇಲೆ ಬಂದು ನಿಂತಿತ್ತು, ತುಟಿ ತೆರೆದರೆ ಸಾಕಾಗಿತ್ತು.

"ಏನ್ ಅಬ್ಬಾ?"

"ಸಿಗ್ನಲ್ ಬಿಟ್ಟಿದೆ, ನಡಿ," ಎಂದ ನೂರುಲ್ಲಾ.

ಸಿಗ್ನಲ್ ಕೆಂಪಗೆ ಉರಿಯುತ್ತಿತ್ತು. ಮುಂದಿನ ಬಸ್ಸು ಅಲುಗಿರಲಿಲ್ಲ. ಅರ್ಮಾನ್ ಕಣ್ಣೆತ್ತಿ ಸಿಗ್ನಲನ್ನು ನೋಡಿದ, ಅಪ್ಪನನ್ನು ನೋಡಿದ. "ಹೌ ಅಬ್ಬಾ," ಎಂದು, ಎರಡೂ ಕೈಯನ್ನು ಹ್ಯಾಂಡಲ್ಲಿನ ಮೇಲಿಟ್ಟು, ಹೊರಡುವವನ ಹಾಗೆ ಕೂತ.